ಏಳು ಗೊದ್ದಗಳ ಹಾಳೆ

ಹಗರಿಬೊಮ್ಮನಹಳ್ಳಿ ಎಂಬ ಊರಿನ ಹೆಸರನ್ನು ಎರಡಡಿ ತಗಡಿನ ಮೇಲೆ ಒಂದೇ ಸಾಲಿನಲ್ಲಿ, ಒಂದಕ್ಷರ ಇನ್ನೊಂದರ ಕಾಲು ತುಳಿಯದ ಹಾಗೆ ಕೂರಿಸಬಲ್ಲವನು ಸುತ್ತಿನ ಐದು ತಾಲ್ಲೂಕಿಗೆ ತಾನೊಬ್ಬನೇ ಎಂದು ಕೊಟ್ಟೂರಿನ ಪೇಂಟರ್ ರಾಜಾಸಾಬ್ ನಂಬಿದ್ದ. ಉಳಿದ ಪೇಂಟರುಗಳು ಹ.ಬೊ.ಹಳ್ಳಿ ಎಂದು ಬರೆದು ಕೈ ತೊಳೆದುಕೊಳ್ಳುತ್ತಿದ್ದರು. ಕೂಡ್ಲಿಗಿ ಬಸ್ ಸ್ಟ್ಯಾಂಡಿನ ಖಾನಾವಳಿ, ಹಡಗಲಿಯ ಹೂವಿನ ಅಂಗಡಿ, ಹರಪನಹಳ್ಳಿಯ ಸೈಕಲ್ ಶಾಪು, ಎಲ್ಲೆಲ್ಲೂ ಅವನದೇ ಅಕ್ಷರ. ಅವನ ಸ್ವಂತ ಅಂಗಡಿಗೆ ಮಾತ್ರ ಬೋರ್ಡು ಇರಲಿಲ್ಲ. ಯಾಕೆಂದು ಕೇಳಿದವರಿಗೆ, ಊರೆಲ್ಲ ನೇತಾಡುತ್ತಿರುವುದು ತನ್ನ ಬೋರ್ಡೇ ಎಂದು ಉತ್ತರ ಕೊಡುತ್ತಿದ್ದ.

ಈ ಗತ್ತಿಗೆ ಒಳಗಿನ ಆಧಾರವಾಗಿದ್ದವಳು ಹೆಂಡತಿ ರೋಶನಬಿ. ಅವಳಿಗೆ ಯಾವ ಭಾಷೆಯಲ್ಲೂ ಒಂದಕ್ಷರ ಬರುತ್ತಿರಲಿಲ್ಲ. ಆದರೆ ಬೋರ್ಡು ಮುಗಿದ ಮೇಲೆ ಅವನು ಅದನ್ನು ಬಾಗಿಲಿಗೆ ಆನಿಸಿ ಹಿಡಿಯಬೇಕು, ಅವಳು ರಸ್ತೆ ದಾಟಿ ಹಿಟ್ಟಿನ ಗಿರಣಿಯ ಹತ್ತಿರ ನಿಂತು ನೋಡಬೇಕು. ಇದು ಆ ಮನೆಯ ಪದ್ಧತಿ. ಮೂರನೆಯದು ಕುಂಟುತ್ತದೆ ಎಂದು ಅವಳು ಹೇಳಿದರೆ ಮೂರನೆಯದು ಕುಂಟುತ್ತಲೇ ಇರುತ್ತಿತ್ತು. ಓದಬಲ್ಲವರ ಕಣ್ಣು ಹೆಸರನ್ನು ನೋಡಿ ಮುಂದೆ ಹೋಗುತ್ತದೆ. ಅವಳ ಕಣ್ಣು ಅಕ್ಷರದ ಮೇಲೇ ನಿಲ್ಲುತ್ತಿತ್ತು. ಸಣ್ಣ ಬೋರ್ಡಿನ ಅಕ್ಷರವನ್ನು ಚೌಕ ಹಾಕಿ ಗೋಡೆಯ ಮೇಲೆ ದೊಡ್ಡದು ಮಾಡುವಾಗ ಎಲ್ಲವನ್ನೂ ಒಂದೇ ಅಳತೆಯಲ್ಲಿ ಹಿಗ್ಗಿಸಿದರೆ ಅದು ಕಾಯಿಲೆಯಿಂದ ಎದ್ದವರ ಹಾಗೆ ಸೊರಗಿ ಕಾಣುತ್ತದೆ, ತಲೆಕಟ್ಟನ್ನು ಮಾತ್ರ ಇನ್ನೊಂದಿಷ್ಟು ದಪ್ಪ ಮಾಡಬೇಕು ಎಂದು ಕಂಡುಹಿಡಿದವಳೂ ಅವಳೇ. ಅಂದಿನಿಂದ ರಾಜಾಸಾಬ್ ಅದನ್ನು ತನ್ನದೇ ಗುಟ್ಟು ಎಂದು ಹೇಳಿಕೊಂಡು ತಿರುಗುತ್ತಿದ್ದ.

ತೊಂಬತ್ತೊಂಬತ್ತರಲ್ಲಿ ರೋಶನಬಿಗೆ ಕಾಮಾಲೆಯಾಯಿತು. ನಾಟಿ ಔಷಧಿ, ಹೊಸಪೇಟೆಯ ಆಸ್ಪತ್ರೆ ಎಂದು ಹದಿನೇಳು ದಿನ ಓಡಾಡಿಸಿ ತೀರಿಕೊಂಡಳು. ಅವರ ಖಬರಸ್ತಾನದಲ್ಲಿ ಗೋರಿಗಳ ಮೇಲೆ ಹೆಸರು ಬರೆಸುವ ವಾಡಿಕೆ ಇಲ್ಲ. ಮಣ್ಣಿನ ದಿಬ್ಬ, ತಲೆಯ ಕಡೆ ಒಂದು ಕಲ್ಲು, ಅಷ್ಟೇ. ಎರಡು ಮಳೆಗೆ ದಿಬ್ಬ ಇಳಿದು ಯಾವುದು ಯಾರದು ಎನ್ನುವುದೇ ಗೊತ್ತಾಗದಂತಾಯಿತು. ಇದ್ದ ಒಂದೇ ಫೋಟೋ ರೇಷನ್ ಕಾರ್ಡಿನದು. ಅದರಲ್ಲೂ ಅರ್ಧ ಮುಖ ಸೆರಗಿನೊಳಗೆ. ಊರಿನವರ ಸಾವಿರಾರು ಹೆಸರು ಬರೆದ ಕೈಗೆ ಇದ್ದಕ್ಕಿದ್ದಂತೆ ಒಂದು ಸಂಗತಿ ಹೊಳೆಯಿತು. ಈ ಒಂದು ಹೆಸರನ್ನು ತಾನು ಎಲ್ಲಿಯೂ ಬರೆದಿಲ್ಲ. ಬರೆಯಲು ಜಾಗವೂ ಇಲ್ಲ.

ಎರಡು ಸಾವಿರದ ಒಂದರಲ್ಲಿ ಬೆನಕಪ್ಪ ಮೇಷ್ಟ್ರು ಅಂಗಡಿಗೆ ಬಂದರು. ಊರಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಹೇಳುತ್ತಿದ್ದ ಅವರಿಗೆ ಮನೆಯ ಮುಂದೆ ಹಾಕಲು ಒಂದು ನಾಮಫಲಕ ಬೇಕಾಗಿತ್ತು. ಹೆಸರಿನ ಹಿಂದೆ 'ಡಾ.' ಎಂದು ಈಗಲೇ ಬರೆದು, ಅದರ ಮೇಲೆ ಅದೇ ಬಣ್ಣದ ಕಾಗದ ಅಂಟಿಸಿಕೊಡಬೇಕು, ಪಿಎಚ್.ಡಿ. ಬಂದ ದಿನ ಕಾಗದ ಕಿತ್ತರಾಯಿತು. ಆಗ ಹೊಸದಾಗಿ ಬರೆಸಿದರೆ ಅಕ್ಷರದ ಬಣ್ಣ ಬೇರೆಯಾಗಿ ಕಾಣುತ್ತದಲ್ಲ ಎಂಬುದು ಅವರ ದೂರದೃಷ್ಟಿ. ರಾಜಾಸಾಬ್ ನಗದೆ ಬರೆದುಕೊಟ್ಟ. ಅವನ ಕೈಚಳಕ ನೋಡಿದ ಮೇಷ್ಟ್ರು, ಇರುವೆ ಬಿಡಿಸಲು ಬರುತ್ತದೆಯೇ ಎಂದು ಕೇಳಿದರು. ಲಾರಿಯ ಹಿಂದೆ ಹುಲಿ ಬಿಡಿಸಿದವನಿಗೆ ಇರುವೆ ಯಾವ ಲೆಕ್ಕ ಎಂದ ರಾಜಾಸಾಬ್. ಮುಂದೆ ಆರು ತಿಂಗಳು ಅವನ ಭಾನುವಾರಗಳೆಲ್ಲ ಕಾಲೇಜಿನ ಸೂಕ್ಷ್ಮದರ್ಶಕದ ಮುಂದೆ ಕಳೆದವು. ಇರುವೆ ಹುಲಿಗಿಂತ ಕಷ್ಟವೆಂದು ಮೊದಲ ಭಾನುವಾರವೇ ತಿಳಿಯಿತು.

ಮೇಷ್ಟ್ರ ಪ್ರಬಂಧವಿದ್ದದ್ದು ಕ್ಯಾಂಪೊನೋಟಸ್ ಎಂಬ ಇರುವೆಯ ಕುಲದ ಮೇಲೆ. ಹೆಸರು ಕೇಳಿ ಗಾಬರಿಯಾಗಬೇಕಿಲ್ಲ. ಜಾಲಿಮರದ ಬುಡದಲ್ಲಿ ಓಡಾಡುವ ಕರಿಯ ಗೊದ್ದವೂ ಅದೇ ಕುಲದ್ದು. ಜಗತ್ತಿನಲ್ಲಿ ಇದರ ಸಾವಿರಕ್ಕೂ ಹೆಚ್ಚು ಪ್ರಭೇದಗಳಿವೆಯಂತೆ. ಬೆನ್ನು ಬಿಲ್ಲಿನಂತೆ ಬಾಗಿರಬೇಕು, ಸೊಂಟದಲ್ಲಿ ಒಂದೇ ಗಂಟಿರಬೇಕು, ಕೊಂಡಿ ಇರಬಾರದು. ಇಷ್ಟಿದ್ದರೆ ಈ ಮನೆತನಕ್ಕೆ ಸೇರಿದವೆಂದು ಅನುಮಾನ ಪಡಬಹುದು. ಕೊಂಡಿಯ ಬದಲು ಕಚ್ಚಿ, ಗಾಯಕ್ಕೆ ಹುಳಿರಸ ಚಿಮುಕಿಸುತ್ತವೆ. ಗಿಡದ ರಸ ಹೀರುವ ಹೇನುಗಳನ್ನು ಹಸು ಕಾದಂತೆ ಕಾದು, ಅವು ಬಿಡುವ ಸಿಹಿ ಹನಿಯನ್ನು ಕುಡಿಯುತ್ತವೆ. ಹಿಂಭಾಗಕ್ಕೆ ಜರಿ ಹೊದ್ದಂತೆ ಹೊಳೆಯುವ ಹೊಂಗೂದಲಿನ ಒಂದು ಜಾತಿಯನ್ನು ಬಿಡಿಸಲು ರಾಜಾಸಾಬ್ ಮೂರು ಭಾನುವಾರ ತೆಗೆದುಕೊಂಡ. ಮದುವಣಗಿತ್ತಿಯನ್ನು ಅವಸರದಲ್ಲಿ ಬಿಡಿಸಲಾಗದು ಎಂಬುದು ಅವನ ಸಮಜಾಯಿಷಿ.

ಮೇಷ್ಟ್ರ ಪ್ರಾಣವೆಲ್ಲ ಇದ್ದದ್ದು ಆರನೆಯ ಅಧ್ಯಾಯದಲ್ಲಿ. ಹಡಗಲಿಯ ಮಲ್ಲಿಗೆ ತೋಟಗಳಲ್ಲಿ ಹೇನು ಕಾಯುತ್ತಿದ್ದ ಒಂದು ಸಣಕಲು ಗೊದ್ದವನ್ನು ಅವರು ಹಿಡಿದಿದ್ದರು. ಕಿರಿದಾದ ತಲೆ, ಕಂದು ಕಾಲು. ನಮ್ಮ ಕಡೆಯ ದೊಡ್ಡತಲೆಯ ಕರಿಗೊದ್ದಕ್ಕೂ ಇದಕ್ಕೂ ಸಂಬಂಧವಿಲ್ಲ, ಇದು ಲೋಕಕ್ಕೇ ಹೊಸದು ಎಂದು ಅವರು ತೀರ್ಮಾನಿಸಿಬಿಟ್ಟಿದ್ದರು. ಒಂದೇ ಗೂಡಿನ ಅಕ್ಕತಂಗಿಯರಲ್ಲಿ ದೊಡ್ಡವು, ಸಣ್ಣವು ಇರುತ್ತವೆಂದು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆದು ಪಾಠ ಮಾಡುತ್ತಿದ್ದವರೂ ಅವರೇ. ಆದರೆ ನಿಯಮಗಳೆಲ್ಲ ಬೇರೆಯವರ ಇರುವೆಗಳಿಗೆ.

ಒಂದು ದಿನ ಆ ಸಣಕಲು ಗೊದ್ದದ ಚಿತ್ರವನ್ನು ಮೇಷ್ಟ್ರು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ, ತೀರಿಕೊಂಡ ನಿಮ್ಮ ಮನೆಯವರ ಹೆಸರೇನು ಎಂದು ಕೇಳಿದರು. ರಾಜಾಸಾಬ್ ಹೇಳಿದ.

"ಹೊಸ ಇರುವಿಗೆ ಹೆಸರಿಡಾದು ಕಂಡುಹಿಡದಾವನ ಹಕ್ಕು, ರಾಜಾಸಾಬ್ರ. ಒಮ್ಮೆ ಇಟ್ರ ಭೂಮಿ ಇರೋತನ ಯಾವನೂ ಅಳಸಾಕ ಬರಂಗಿಲ್ಲ" ಎಂದು ಒಂದು ಚೀಟಿಯ ಮೇಲೆ ಬರೆದು ಕೊಟ್ಟರು: ಕ್ಯಾಂಪೊನೋಟಸ್ ರೋಶನೇ. ಮೇಷ್ಟ್ರಲ್ಲಿ ಎಷ್ಟೇ ಡೌಲಿದ್ದರೂ ಆ ಕ್ಷಣದಲ್ಲಿ ಕಪಟವಿರಲಿಲ್ಲ.

ರಾಜಾಸಾಬ್ ಚೀಟಿಯನ್ನು ಮಡಚದೆ, ಅಂಗೈಯಲ್ಲಿ ಹಿಡಿದೇ ಮನೆಗೆ ಬಂದ. ಒಂದು ಒಳ್ಳೆಯ ತಗಡು ಆರಿಸಿ, ಅದರ ಮೇಲೆ ಆ ಎರಡು ಪದಗಳನ್ನು ಅಚ್ಚ ಕೆಂಪಿನಲ್ಲಿ ಬರೆದ. ಮಗಳು ನಿಶಾತ ಅದನ್ನು ಒಳಕೋಣೆಯ ಗೂಡಿನಲ್ಲಿಟ್ಟಳು. ಅಮ್ಮನ ಹೆಸರು ಪುಸ್ತಕದಲ್ಲಿ ಬರುತ್ತದೆಂದು ಓಣಿಯೆಲ್ಲ ಹೇಳಿ ಬಂದಳು. ಇರುವೆಗೆ ಎಂಬ ಭಾಗವನ್ನು ಮಾತ್ರ ಹೇಳಲಿಲ್ಲ.

ಆರನೆಯ ಅಧ್ಯಾಯದ ಚಿತ್ರದ ಹಾಳೆ ಮುಗಿಯಲು ಉಳಿದದ್ದು ಒಂದೇ ಕೆಲಸ. ಸಣಕಲಿನ ಪಕ್ಕದಲ್ಲಿ ಹೋಲಿಕೆಗೆಂದು ದೊಡ್ಡತಲೆಯ ಕರಿಗೊದ್ದವನ್ನೂ ಬಿಡಿಸಬೇಕಿತ್ತು. ಕಾಲೇಜಿನ ಸೀಸೆಯಲ್ಲಿದ್ದದ್ದರ ಕಾಲು ಮುರಿದಿತ್ತು. ಹೊಸದನ್ನು ಹಿಡಿಯೋಣವೆಂದು ರಾಜಾಸಾಬ್ ಒಂದು ಮುಂಜಾನೆ ರೈಲುಹಳಿಯ ಪಕ್ಕದ ಜಾಲಿಯ ಬುಡಕ್ಕೆ ಹೋಗಿ ಸಲಿಕೆ ಹಾಕಿದ. ಮಣ್ಣು ಬಿರಿದದ್ದೇ ತಡ, ಒಳಗಿನ ಸಂಸಾರವೆಲ್ಲ ಹೊರಗೆ ಬಂತು. ದೊಡ್ಡತಲೆಯವು ದವಡೆ ತೆರೆದು ಮೇಲೇರಿದವು. ಅವುಗಳ ಕಾಲ ಸಂದಿಯಲ್ಲೇ, ಹಡಗಲಿಯ ಆ ಸಣಕಲುಗಳು, ಅದೇ ಕಿರಿದಾದ ತಲೆ, ಅದೇ ಕಂದು ಕಾಲು, ಮರಿ ಮಲಗಿದ್ದ ಬಿಳಿಯ ಕೋಶಗಳನ್ನು ಬಾಯಲ್ಲಿ ಕಚ್ಚಿಕೊಂಡು ಓಡುತ್ತಿದ್ದವು. ಕೆಲವು ಕೋಶಗಳು ತಮ್ಮನ್ನು ಹೊತ್ತವುಗಳಿಗಿಂತಲೂ ದೊಡ್ಡವು. ಈ ಎರಡರ ನಡುವಿನ ಗಾತ್ರದವೂ ಇದ್ದವು. ಇಷ್ಟು, ಇನ್ನಿಷ್ಟು, ಮತ್ತಿಷ್ಟು ಎನ್ನುವ ಹಾಗೆ.

ಅವನು ಸಲಿಕೆ ಕೆಳಗಿಟ್ಟು ಕುಕ್ಕರಗಾಲಲ್ಲಿ ಕುಳಿತ. ಏಳು ಗಾತ್ರದ ಏಳನ್ನು ಸೀಸೆಗೆ ಹಾಕಿಕೊಂಡು ಬಂದು, ಚೌಕದ ಹಾಳೆಯ ಮೇಲೆ ಸಾಲಾಗಿ ಬಿಡಿಸಿದ. ಮೈ ಒಂದು ಪಾಲು ಬೆಳೆದರೆ ತಲೆ ಒಂದೂವರೆ ಪಾಲು ಬೆಳೆದಿತ್ತು. ಹೆಂಡತಿ ಗಿರಣಿಯ ಹತ್ತಿರ ನಿಂತು ಹೇಳಿದ್ದ ಲೆಕ್ಕವೇ ಅದು.

ಮೇಷ್ಟ್ರು ಹಾಳೆ ನೋಡಿ, ಎರಡು ಬಿಡಿಸಿ ಅಂದರೆ ಏಳು ಯಾಕೆ ಬಿಡಿಸಿದಿರಿ ಎಂದರು.

"ಏಳೂ ಒಂದ ಕೈಯಾಗಿನ ಅಕ್ಷರ, ಸರ. ದೊಡ್ಡದು ಮಾಡಾವಾಗ ಮ್ಯಾಲಿನಾವ ತಲಿಕಟ್ಟು ದಪ್ಪ ಮಾಡ್ಯಾನ, ಅಷ್ಟ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಒಂದೇ ತೂತಿನಲ್ಲಿ ಎರಡು ಜಾತಿ ಇರಬಾರದೆಂದೇನಿಲ್ಲ, ಸಣ್ಣವು ದೊಡ್ಡವುಗಳ ಮನೆಯಲ್ಲಿ ಬಾಡಿಗೆಗೆ ಇದ್ದಿರಬಹುದು ಎಂದರು.

"ಬಾಡಿಗಿಯವ್ರು ಮಾಲಕರ ಕೂಸು ಹೊತ್ಕೊಂಡು ಓಡ್ತಾರೇನ್ರಿ ಸರ?"

ಆರನೆಯ ಅಧ್ಯಾಯದ ಸಾರಾಂಶ ವಿಶ್ವವಿದ್ಯಾಲಯಕ್ಕೆ ಆಗಲೇ ಹೋಗಿತ್ತು. ಮೇಷ್ಟ್ರು ಬಾಗಿಲ ಕಡೆ ನೋಡಿ, ದನಿ ತಗ್ಗಿಸಿದರು.

"ಇದನ್ನ ನೋಡಿದಾರು ನಾವಿಬ್ರ. ನಡುವಿನ ಐದು ತಗದ್ರ ಎರಡು ಉಳೀತಾವು. ಎರಡು ಉಳದ್ರ ನಿಮ್ಮಾಕಿ ಹೆಸರೂ ಉಳೀತೈತಿ. ಹಾಳಿ ಮನಿಗೆ ಒಯ್ರಿ, ನಿಮಗ ಬಿಟ್ಟೀನಿ."

ರಾಜಾಸಾಬ್ ಹಾಳೆಯನ್ನು ಮನೆಗೆ ಒಯ್ದ. ಐದು ದಿನ ಅದನ್ನು ಮುಟ್ಟಲಿಲ್ಲ. ಆರನೆಯ ಬೆಳಿಗ್ಗೆ ದಾಡಿ ಬ್ಲೇಡು ಹಿಡಿದು, ಮಸಿಯನ್ನು ಕಾಗದ ಹರಿಯದಂತೆ ಕೆರೆದು, ಸರಿ ನಡುವಿನ ನಾಲ್ಕನೆಯದನ್ನು ತೆಗೆದ. ನಿಶಾತಳಿಗೆ ಹಾಳೆಯನ್ನು ಬಾಗಿಲಿನಲ್ಲಿ ಹಿಡಿಯಲು ಹೇಳಿ, ರಸ್ತೆ ದಾಟಿ ಗಿರಣಿಯ ಹತ್ತಿರ ನಿಂತ. ಅಲ್ಲಿಂದ ಇರುವೆಗಳು ಕಾಣುವಂತಿರಲಿಲ್ಲ. ಕರಿಯ ಚುಕ್ಕೆಗಳ ಒಂದು ಸಾಲು, ನಡುವೆ ಹಲ್ಲು ಬಿದ್ದಂಥ ಜಾಗ. ಗಿರಣಿಗೆ ಜೋಳ ತಂದವರು ಅವನನ್ನು ಸುತ್ತಿಕೊಂಡು ಹೋದರು. ಅವನು ನಿಂತೇ ಇದ್ದ.

ತಿರುಗಿ ಬಂದವನು ಮಸಿಕುಡಿಕೆ ತೆರೆದ. ನಿಶಾತಳಿಗೆ ಅರ್ಥವಾಯಿತು. ಕಾಲೇಜಿನ ಕಪಾಟಿನಲ್ಲಿ ಧೂಳು ತಿನ್ನುವ ಪುಸ್ತಕ, ಯಾರು ತೆಗೆದು ನೋಡುತ್ತಾರೆ ಎಂದು ಅಂಗಲಾಚಿದಳು. ಓಣಿಗೆಲ್ಲ ಹೇಳಿದ್ದೇನಲ್ಲ ಎಂದೂ ಹೇಳಿ ಅತ್ತಳು.

"ಯಾರೂ ಓದಲ್ಲಂತ ಬೋರ್ಡು ತಪ್ಪು ಬರಿಯಾಕ ಆಗ್ತೈತೇನವ್ವಾ" ಎಂದ ರಾಜಾಸಾಬ್. ನಾಲ್ಕನೆಯದನ್ನು ಅದೇ ಜಾಗದಲ್ಲಿ ಮತ್ತೆ ಬಿಡಿಸಿದ. ಕೆರೆದ ಕಾಗದದಲ್ಲಿ ಮಸಿ ಸ್ವಲ್ಪ ಹರಡಿ, ಅದೊಂದು ಮಾತ್ರ ಉಳಿದವುಗಳಿಗಿಂತ ಕಪ್ಪಾಗಿ ಕಂಡಿತು.

ಮೇಷ್ಟ್ರು ಹಾಳೆ ತೆಗೆದುಕೊಂಡರು. ಮೂರು ತಿಂಗಳು ರಸ್ತೆಯಲ್ಲಿ ಸಿಕ್ಕರೂ ಸೈಕಲ್ ಇಳಿಯಲಿಲ್ಲ. ಅವರಿಗೂ ಕಷ್ಟವಾಗಿತ್ತು; ಅಧ್ಯಾಯ ಹರಿದು ಹೊಸದಾಗಿ ಬರೆಯಲು ಎರಡು ವರ್ಷ ಹಿಡಿಯಿತು. ಹೊಸದನ್ನು ಬರೆದದ್ದು ಆ ಏಳರ ಮೇಲೆಯೇ. ಒಂದು ಗೂಡಿನಲ್ಲಿ ತಲೆ ಹೇಗೆ ಮೆಲ್ಲಮೆಲ್ಲನೆ ಅಗಲವಾಗುತ್ತದೆ ಎಂಬ ವಿಚಾರ ಪರೀಕ್ಷಕರಿಗೆ ಬಹಳ ಹಿಡಿಸಿತಂತೆ. ಇರುವೆಗೆ ಇನ್ನೂರು ವರ್ಷದ ಹಿಂದೆ ಯಾವನೋ ಬಿಳಿಯ ದೊರೆ ಇಟ್ಟಿದ್ದ ಹೆಸರೇ ಉಳಿಯಿತು. ಮೇಷ್ಟ್ರ ಮನೆಯ ಮುಂದಿನ ನಾಮಫಲಕದ ಕಾಗದ ಕಿತ್ತರು. ಒಳಗಿದ್ದ 'ಡಾ.' ಬಿಸಿಲು ಕಾಣದ್ದರಿಂದ ಫಳಫಳ ಹೊಳೆಯಿತು. ಅದರ ಮುಂದೆ ಬೆನಕಪ್ಪ ಎಂಬ ಹೆಸರೇ ಮಾಸಿದಂತೆ ಕಾಣತೊಡಗಿತು.

ಸನ್ಮಾನ ಸಮಾರಂಭಕ್ಕೆ ರಾಜಾಸಾಬನನ್ನೂ ಕರೆದಿದ್ದರು. ಅವನು ನಾಲ್ಕನೆಯ ಸಾಲಿನಲ್ಲಿ ಕುಳಿತ. ವೇದಿಕೆಯ ಹಿಂದಿನ ಬ್ಯಾನರು ಹೊಸಪೇಟೆಯಲ್ಲಿ ಮಾಡಿಸಿದ ಫ್ಲೆಕ್ಸು. ಊರಿಗೆ ಬಂದ ಮೊದಲ ಕೆಲವು ಫ್ಲೆಕ್ಸುಗಳಲ್ಲೊಂದು. ಜಾಲಿಯ ಬುಡದಲ್ಲಿ ತಾವೇ ಸಲಿಕೆ ಹಾಕಿದ ಮುಂಜಾನೆಯನ್ನು ಮೇಷ್ಟ್ರು ಸೊಗಸಾಗಿ ವರ್ಣಿಸಿದರು. ರಾಜಾಸಾಬ್ ಎಲ್ಲರೊಂದಿಗೆ ಚಪ್ಪಾಳೆ ತಟ್ಟಿದ. ಅವನ ಕಣ್ಣೆಲ್ಲ ಫ್ಲೆಕ್ಸಿನ ಮೇಲಿತ್ತು. ಅಕ್ಷರಗಳನ್ನು ಸುಮ್ಮನೆ ಹಿಗ್ಗಿಸಿದ್ದರು. ತಲೆಕಟ್ಟು ದಪ್ಪ ಮಾಡಿರಲಿಲ್ಲ. ಎಲ್ಲವೂ ಸೊರಗಿ ಕಾಣುತ್ತಿದ್ದವು. ಅದು ಯಾರ ಕಣ್ಣಿಗೂ ಬಿದ್ದಂತಿರಲಿಲ್ಲ. ಪ್ರಬಂಧದ ಕೊನೆಯಲ್ಲಿ 'ಚಿತ್ರಗಳಿಗೆ ನೆರವಾದ ಸ್ಥಳೀಯರಿಗೆ' ಎಂದು ಒಂದು ಸಾಲು ಕೃತಜ್ಞತೆ ಇತ್ತು.

ಮುಂದೆ ಬೋರ್ಡಿನ ಕೆಲಸ ಕಡಿಮೆಯಾಗುತ್ತಾ ಹೋಯಿತು. ಎರಡು ಸಾವಿರದ ಐದರಲ್ಲಿ ಬಸ್ ಸ್ಟ್ಯಾಂಡಿನ ಎದುರು ಮಂಡಕ್ಕಿ ಮಿರ್ಚಿ ಮಾರುವ ಜಂಬಮ್ಮ ಒಂದು ಸಣ್ಣ ಬೋರ್ಡು ಕೇಳಿದಾಗ ಮನೆಯಲ್ಲಿದ್ದ ತಗಡು ಒಂದೇ, ಒಳಕೋಣೆಯ ಗೂಡಿನ ಆ ಕೆಂಪಕ್ಷರದ್ದು. ನಿಶಾತ ಮದುವೆಯಾಗಿ ಹರಪನಹಳ್ಳಿಗೆ ಹೋಗಿದ್ದಳು. ಬೇಡವೆನ್ನಲು ಯಾರೂ ಇರಲಿಲ್ಲ. ಹೆಸರಿಗೆ ಯಜಮಾನನಿಲ್ಲದ ಬೋರ್ಡನ್ನು ಪೇಂಟರ್ ಇಟ್ಟುಕೊಳ್ಳುವುದಿಲ್ಲ. ಅವನು ಕೆಂಪು ಅಕ್ಷರಗಳ ಮೇಲೆ ಎರಡು ಕೈ ಬಿಳಿ ಹೊಡೆದು, ಮೇಲೆ ಕರಿಯಲ್ಲಿ ಜಂಬಮ್ಮನ ಹೆಸರು ಬರೆದುಕೊಟ್ಟ.

ಅಗ್ಗದ ಕೆಂಪು ಬಿಳಿಯ ಕೆಳಗೆ ಸುಮ್ಮನಿರುವುದಿಲ್ಲ ಎಂಬುದು ಆ ಕಸುಬಿನವರಿಗೆಲ್ಲ ಗೊತ್ತು. ಒಂದು ಬೇಸಿಗೆ ಕಳೆಯುವುದರಲ್ಲಿ ಜಂಬಮ್ಮನ ಹೆಸರಿನ ಹಿಂದೆ ತಿಳಿಗುಲಾಬಿಯ ಗೀರುಗಳು ಎದ್ದವು. ಓದಲು ಬರುವಂತಿರಲಿಲ್ಲ. ಒಳಗಿಂದ ಏನೋ ಎದ್ದು ಬರುತ್ತಿದೆ, ಇನ್ನೊಂದು ಕೈ ಹೊಡಿ ಎಂದು ಜಂಬಮ್ಮ ಅವನು ಬಂದಾಗಲೆಲ್ಲ ಗೊಣಗುತ್ತಾಳೆ. ನಾಳೆ ಹೊಡೀತೀನಿ ಎಂದು ರಾಜಾಸಾಬ್ ಮಂಡಕ್ಕಿಯ ಪೊಟ್ಟಣ ಹಿಡಿದು ರಸ್ತೆ ದಾಟುತ್ತಾನೆ. ಅಂಗಡಿಯ ಮುಂದೆ ಬೆಂಚಿದ್ದರೂ ಆಚೆ ದಂಡೆಯಲ್ಲಿ ಬೋರ್ಡಿನ ಕಡೆ ಮುಖ ಮಾಡಿ ನಿಂತೇ ತಿನ್ನುತ್ತಾನೆ.