ಕೇಳದೆ ಕೊಟ್ಟ ಹಂಡೆ

ನಜರ್‌ಬಾದಿನ ನಮ್ಮ ಎರಡು ಕೋಣೆಯ ಮನೆಗೆ ಮೊದಲ ಬಾರಿ ಬಂದವರು ಕುಳಿತುಕೊಳ್ಳುವ ಮುನ್ನ ಒಮ್ಮೆ ಸುತ್ತಲೂ ನೋಡುತ್ತಾರೆ. ನಾವು ನಿನ್ನೆಯಷ್ಟೇ ಬಾಡಿಗೆಗೆ ಬಂದವರೆಂದೋ ನಾಳೆ ಮನೆ ಖಾಲಿ ಮಾಡುವವರೆಂದೋ ಅವರಿಗೆ ತೋರುತ್ತದೆ. ಮದುವೆಯಾದಂದಿನಿಂದ ನಾವು ಇದೇ ಮನೆಯಲ್ಲಿದ್ದೇವೆ. ಒಂದು ಮೇಜು, ಮೂರು ಚಾಪೆ, ಹಾಸಿಗೆಯ ಸುರುಳಿಗಳು, ಒಂದು ಗೂಡಿನಷ್ಟು ಪುಸ್ತಕ, ಅಡುಗೆಗೆ ಬೇಕಾದಷ್ಟು ಪಾತ್ರೆ. ಇಷ್ಟರಲ್ಲಿ ಮೂರು ಮಕ್ಕಳು ಬೆಳೆದಿದ್ದಾರೆ, ಯಾವುದಕ್ಕೂ ಕೊರತೆಯೆನಿಸಿಲ್ಲ.

ಈ ಬದುಕನ್ನು ನನಗೆ ಕಲಿಸಿದ್ದು ಮಠವೊಂದರ ಉಚಿತ ವಿದ್ಯಾರ್ಥಿನಿಲಯ. ತಂದೆತಾಯಿಗಳನ್ನು ಬೇಗನೆ ಕಳೆದುಕೊಂಡ ನಾನು ಹತ್ತನೆಯ ವಯಸ್ಸಿನಿಂದ ಉಪಾಧ್ಯಾಯನಾಗುವವರೆಗೆ ಅಲ್ಲಿಯೇ ಬೆಳೆದೆ. ಅಲ್ಲಿ ಪ್ರತಿಯೊಬ್ಬನಿಗೂ ಒಂದು ತಗಡಿನ ಪೆಟ್ಟಿಗೆಯಿತ್ತು. ಅದರಲ್ಲಿ ಹಿಡಿಸಿದ್ದು ನಮ್ಮದು, ಹಿಡಿಸದ್ದು ನಮ್ಮದಲ್ಲ. ಉಂಡ ತಟ್ಟೆಯನ್ನು ತೊಳೆದು ಬೋರಲು ಹಾಕಿದ ಮೇಲೆಯೇ ಕೈ ಒರೆಸಿಕೊಳ್ಳಬೇಕು. ಒಗೆದ ಪಂಚೆಯನ್ನು ಒಣಗಿದ ಕೂಡಲೇ ಮಡಿಸಬೇಕು. ನಿಲಯದ ಉಸ್ತುವಾರಿ ನೋಡುತ್ತಿದ್ದ ಅಯ್ಯನವರು ನಮಗೆ ಉಪದೇಶ ಮಾಡಿದ್ದು ನೆನಪಿಲ್ಲ. ಅವರು ತಮ್ಮ ತಟ್ಟೆಯನ್ನು ತಾವೇ ತೊಳೆಯುತ್ತಿದ್ದುದು ಮಾತ್ರ ಕಣ್ಣಿಗೆ ಕಟ್ಟಿದಂತಿದೆ. ಆ ಅನ್ನ, ಆ ಅಭ್ಯಾಸ ಎರಡಕ್ಕೂ ನಾನು ಇಂದಿಗೂ ಕೃತಜ್ಞ.

ಅಭ್ಯಾಸವನ್ನು ನಿಯಮವಾಗಿ ಬಿಗಿಗೊಳಿಸಿದ ತಪ್ಪು ನನ್ನದು. ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷ ನನಗೆ ಮಾಧ್ಯಮಿಕ ಶಾಲೆಯಲ್ಲಿ ಕನ್ನಡ ಕಲಿಸುವ ಕೆಲಸ ದೊರೆಯಿತು. ಈಗ ಶಾಲೆಯನ್ನು ಬಿಟ್ಟು ಅಚ್ಚುಕೂಟದಲ್ಲಿ ಕರಡು ತಿದ್ದುತ್ತಿದ್ದೇನೆ. ಆಗ ಹುಡುಗರ ಪ್ರಬಂಧಗಳನ್ನು ತಿದ್ದುತ್ತಿದ್ದೆ. ತೆಗೆದುಹಾಕಿದ ಮೇಲೂ ವಾಕ್ಯ ನೆಟ್ಟಗೆ ನಿಲ್ಲುವುದಾದರೆ ಆ ಪದ ಅಲ್ಲಿರಬಾರದು ಎಂದು ಕೆಂಪು ಮಸಿಯಿಂದ ಗೆರೆ ಎಳೆಯುತ್ತಿದ್ದೆ. ಅದೇ ಕಟ್ಟುನಿಟ್ಟನ್ನು ಮನೆಗೂ ತಂದೆ. ವರ್ಷಪೂರ್ತಿ ಬಳಸದ ವಸ್ತು ಯುಗಾದಿಯ ಹೊತ್ತಿಗೆ ಮನೆಯಿಂದ ಹೊರಗೆ ಹೋಗಬೇಕು, ಬೇಕಾದವರ ಕೈ ಸೇರಬೇಕು. ಹೀಗೆ ನನ್ನ ಎರಡನೆಯ ಕೊಡೆ, ಗೋಡೆಯ ಕನ್ನಡಿ, ಕಾಲು ಅಲುಗಾಡುವ ಕುರ್ಚಿ ಎಲ್ಲವೂ ಹೋದವು. ಯಾವುದಕ್ಕೂ ನಾನು ಮರುಗಲಿಲ್ಲ.

ನನ್ನ ಹೆಂಡತಿ ಹಿನಕಲ್ಲಿನವಳು. ಹಿನಕಲ್ ಆಗ ಹೊಲಗದ್ದೆಗಳ ನಡುವಿನ ಊರು. ಅವಳ ತವರಿನವರು ರಾಗಿ ಬೆಳೆಯುವ ಒಕ್ಕಲು. ಮದುವೆಯಲ್ಲಿ ಅವಳೊಂದಿಗೆ ಎತ್ತಿನ ಗಾಡಿಯಲ್ಲಿ ಒಂದು ದೊಡ್ಡ ತಾಮ್ರದ ಹಂಡೆ ಬಂದಿತ್ತು, ಸ್ನಾನದ ನೀರು ಕಾಯಿಸುವುದಕ್ಕೆ. ನಾನು ತಣ್ಣೀರು ಸ್ನಾನದವನು. ತನ್ನೊಬ್ಬಳಿಗೆ ಅಷ್ಟು ಸೌದೆ ಉರಿಸುವುದೇಕೆಂದು ಅವಳು ಚಿಕ್ಕ ಪಾತ್ರೆಯಲ್ಲಿಯೇ ಕಾಯಿಸಿಕೊಳ್ಳುತ್ತಿದ್ದಳು. ಹಂಡೆ ಬಚ್ಚಲ ಮೂಲೆಯಲ್ಲಿ ಎರಡು ವರ್ಷ ಸುಮ್ಮನೆ ಕುಳಿತಿತ್ತು.

ಚೊಚ್ಚಲ ಹೆರಿಗೆಗೆಂದು ಏಳನೆಯ ತಿಂಗಳಲ್ಲಿ ಅವಳು ತವರಿಗೆ ಹೋದಳು. ಯುಗಾದಿಯ ಹಿಂದಿನ ವಾರ ನಿಲಯಕ್ಕೆ ಹೋಗಿದ್ದೆ. ಅಲ್ಲಿನ ಹಂಡೆಯ ತಳ ತೂತು ಬಿದ್ದು ಹುಡುಗರಿಗೆ ಬಿಸಿನೀರಿಲ್ಲವೆಂದು ಅಯ್ಯನವರು ಮಾತಿನ ನಡುವೆ ಹೇಳಿದರು. ಮರುದಿನವೇ ಕೈಗಾಡಿಯೊಂದರಲ್ಲಿ ನಮ್ಮ ಹಂಡೆಯನ್ನು ಅಲ್ಲಿಗೆ ಮುಟ್ಟಿಸಿದೆ. ಮನೆಗೆ ಹಿಂದಿರುಗಿ, ಬರಿದಾದ ಬಚ್ಚಲ ಮೂಲೆಯನ್ನು ತೊಳೆದು, ಬಹಳ ಸಂತೋಷಪಟ್ಟೆ. ಉಂಡ ಮನೆಗೆ ಕೊನೆಗೂ ಏನನ್ನೋ ಕೊಟ್ಟೆನಲ್ಲ!

ಯುಗಾದಿ ಕಳೆದು ಮಗಳು ಹುಟ್ಟಿದಳು. ಮಗುವಿಗೆ ಮೂರು ತಿಂಗಳಾಗಿದ್ದಾಗ ಒಂದು ಭಾನುವಾರ ಹಿನಕಲ್ಲಿಗೆ ಹೋದೆ. ಅತ್ತೆಯವರು ಬಚ್ಚಲಲ್ಲಿ ಕಾಲು ಚಾಚಿ ಕುಳಿತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು, ಚೊಂಬಿನ ಮೇಲೆ ಚೊಂಬು ಬಿಸಿನೀರು ಹೊಯ್ಯುತ್ತಿದ್ದರು. ಹಬೆಯ ನಡುವೆ ಮಗು ಕಣ್ಣು ಮುಚ್ಚಿ ಸುಖಪಡುತ್ತಿತ್ತು. ಒಳಗೆ ಬಾಣಂತಿಯ ಸ್ನಾನಕ್ಕೆ ಇನ್ನೂ ಅಷ್ಟೇ ನೀರು ಕುದಿಯುತ್ತಿತ್ತು.

“ಐದ್ ತಿಂಗ್ಳು ತುಂಬ್ಲಿ, ಕರ್ಕೊಂಡೋಗಿ ಅಳಿಯಂದ್ರೇ,” ಎಂದರು ಅತ್ತೆಯವರು. “ಆಮೇಲೂ ಮಗೀಗೆ ದಿನಾ ನೀರುಯ್ಬೇಕು, ಬುಡಂಗಿಲ್ಲ. ನಿಮ್ಮನೇಲಿ ನಮ್ಮ ಅಂಡೆ ಅದೆಯಲ್ಲ, ಅದ್ಕೇ ನಂಗೆ ಚಿಂತೆ ಇಲ್ಲ.”

ನಾನು ಮಗುವಿನ ಮೈ ಒರೆಸುವ ಬಟ್ಟೆಯನ್ನು ಅವರತ್ತ ಚಾಚಿದೆ.

ಮಾರನೆಯ ಸಂಜೆ ಹಂಡೆಯನ್ನು ಮರಳಿ ಕೇಳಬೇಕೆಂದು ನಿಲಯಕ್ಕೆ ಹೋದೆ. ನನ್ನನ್ನು ಕಂಡದ್ದೇ ಅಯ್ಯನವರು ಕೈಹಿಡಿದು ಬಚ್ಚಲ ಕಡೆಗೆ ಕರೆದೊಯ್ದರು.

“ನೋಡಿ ಮೇಷ್ಟ್ರೇ, ಹೇಗೆ ಬೆಳಗಿಟ್ಟಿದೀವಿ! ಈ ಮಳೆಗಾಲದಲ್ಲಿ ಒಂದು ಹುಡುಗನಿಗೂ ಕೆಮ್ಮಿಲ್ಲ ಕಣ್ರೀ. ಏನೋ ಕೆಲಸವಿದ್ದಂಗಿತ್ತಲ್ಲ?”

“ಏನಿಲ್ಲ, ಸುಮ್ಮನೆ ಬಂದೆ,” ಎಂದು ಹೊರಟುಬಂದೆ.

ಹೊಸ ಹಂಡೆಯನ್ನು ಕೊಳ್ಳುವುದು ನನ್ನ ಸಂಬಳದಲ್ಲಿ ಆಗದ ಮಾತಾಗಿತ್ತು. ಆದರೆ ನನ್ನನ್ನು ಕೊರೆಯುತ್ತಿದ್ದುದು ಅದಲ್ಲ. ನನಗೆ ನನ್ನವರೆಂದು ಇದ್ದವಳು ಹೆಂಡತಿಯೊಬ್ಬಳು. ತವರಿನಿಂದ ಬಂದ ಒಂದೇ ಒಂದು ದೊಡ್ಡ ವಸ್ತುವನ್ನು ಅವಳಿಲ್ಲದಾಗ ಸಾಗಹಾಕಿದವನ ಮನೆಗೆ ಅವಳು ಹೇಗೆ ನಂಬಿಕೆಯಿಟ್ಟು ಮಗುವಿನೊಂದಿಗೆ ಬಂದಾಳು? ಮುಂದಿನ ಎರಡು ತಿಂಗಳು ಪ್ರತಿ ಭಾನುವಾರವೂ ಹೇಳಬೇಕೆಂದು ಹೋಗಿ, ಹೇಳದೆ ಬಂದೆ.

ಕರೆತರುವ ದಿನ ಬಂದೇಬಂದಿತು. ಹಿನಕಲ್ಲಿನ ಮನೆಯ ಮುಂದೆ ಜಟಕಾ ನಿಂತಿತ್ತು. ಅತ್ತೆಯವರು ಒಣಕೊಬ್ಬರಿ, ಬೆಲ್ಲ, ಮಗುವಿನ ಬಟ್ಟೆಗಳನ್ನು ಗಂಟು ಕಟ್ಟುತ್ತಿದ್ದರು. ಇನ್ನು ಹೇಳದೆ ಇರುವಂತಿರಲಿಲ್ಲ.

“ಹಂಡೆ ಮನೆಯಲ್ಲಿಲ್ಲ,” ಎಂದೆ.

ಅತ್ತೆಯವರ ಕೈ ನಿಂತಿತು. “ಇಲ್ಲಾಂದ್ರೆ? ಕಳ್ರು ಒತ್ಕೊಂಡೋದ್ರಾ?”

“ಇಲ್ಲ. ನಾನೇ ನಿಲಯಕ್ಕೆ ಕೊಟ್ಟೆ.”

“ಕೊಟ್ಬುಟ್ರಾ! ನಮ್ಮವ್ವ ನಂಗೆ ಕೊಟ್ಟಿದ್ದು, ನಾನು ನನ್ ಮಗಳಿಗೆ ಕೊಟ್ಟಿದ್ದು ಕಣಪ್ಪಾ ಅದು! ನಿಮ್ ಪುಸ್ತಕ ಕೊಟ್ಕೊಳ್ಳಿ, ನಿಮ್ ಪಂಚೆ ಕೊಟ್ಕೊಳ್ಳಿ, ಯಾರು ಬ್ಯಾಡ ಅಂತಾರೆ? ಎಣ್ಣೆ ಅಚ್ಚಿದ ಮಗೀಗೆ ಚೊಂಬಲ್ಲಿ ನೀರು ಕಾಯ್ಸಿ ಉಯ್ತೀರಾ? ಜಟಕಾದವನಿಗೆ ಓಗು ಅನ್ನಿ. ನನ್ ಮಗಳು ಇಲ್ಲೇ ಇರ್ಲಿ ಬುಡಿ.”

ನನ್ನ ಹೆಂಡತಿ ಮಗುವನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. “ಯಾಕೆ ಕೊಟ್ರಿ?” ಎಂದು ಮೆಲ್ಲಗೆ ಕೇಳಿದಳು.

“ಎರಡು ವರ್ಷದಿಂದ ಒಂದು ದಿನವೂ ಬಳಸಿರಲಿಲ್ಲ, ಅದಕ್ಕೆ.”

“ನಾನು ಇಲ್ಲಿಗೆ ಬಂದೂ ಏಳು ತಿಂಗಳಾಯ್ತು ಕಣ್ರೀ. ಇನ್ನೈದು ತಿಂಗಳು ಕಳೆದಿದ್ರೆ ನನ್ನೂ ಯಾರಿಗಾದ್ರೂ ಕೊಟ್ಬುಡ್ತಿದ್ರೇನೋ!”

ಅತ್ತೆಯವರಿಗೆ ಆ ಸಿಟ್ಟಿನಲ್ಲಿಯೂ ನಗು ಬಂದು, ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅವಳು ಮಾತ್ರ ನಗಲಿಲ್ಲ.

“ಒಂದು ಸಾಲು ಕಾಗದ ಬರೆದು ಕೇಳಬೋದಿತ್ತಲ್ಲ? ಬೇಡ ಅಂತೀನಿ ಅಂದ್ಕೊಂಡ್ರಾ?”

“ಹೌದು,” ಎಂದೆ. ಅದು ಸತ್ಯವಾಗಿತ್ತು. ಅವಳು ಬೇಡವೆನ್ನುವಳೆಂದು ಎಣಿಸಿಯೇ ನಾನು ಕೇಳಿರಲಿಲ್ಲ. ಆ ಕ್ಷಣದವರೆಗೆ ಅದನ್ನು ನನಗೆ ನಾನೇ ಹೇಳಿಕೊಂಡಿರಲಿಲ್ಲ, ಅಷ್ಟೆ.

ಅವಳು ಸ್ವಲ್ಪ ಹೊತ್ತು ಮಗುವಿನ ಬೆನ್ನನ್ನು ತಟ್ಟುತ್ತ ನಿಂತಳು. ಆಮೇಲೆ, “ಜಟಕಾ ಹತ್ತಿ. ಮೊದಲು ಆ ನಿಲಯಕ್ಕೆ ಹೋಗೋಣ. ಅಲ್ಲಿಂದ ಮನೆಗೋ, ವಾಪಸ್ ಇಲ್ಲಿಗೋ, ಆಮೇಲೆ ಹೇಳ್ತೀನಿ,” ಎಂದಳು.

ಜಟಕಾ ಹೊರಟಿತು. ಕುದುರೆಯ ಗೊರಸಿನ ಸದ್ದಿಗೆ ಮಗು ನಿದ್ದೆ ಹೋಯಿತು. ಅವಳು ಹಂಡೆಯನ್ನು ಮರಳಿ ಕೇಳಿದರೆ ನಾನು ಅಯ್ಯನವರ ಮುಖವನ್ನು ನೋಡುವುದು ಹೇಗೆ? ಕೇಳದೆ ಹಿನಕಲ್ಲಿಗೆ ಹಿಂದಿರುಗಿದರೆ ಆ ಎರಡು ಕೋಣೆಗಳಲ್ಲಿ ನಾನು ಇರುವುದು ಹೇಗೆ?

ನಿಲಯದ ಹಿತ್ತಲಲ್ಲಿ ಅಯ್ಯನವರು ಸೊಪ್ಪು ಸೋಸುತ್ತ ಕುಳಿತಿದ್ದರು. ನಾನು ಇದ್ದ ಸಂಗತಿಯನ್ನು ತಲೆ ತಗ್ಗಿಸಿ ಹೇಳಿದೆ. ಅವರು ತಟ್ಟನೆ ಎದ್ದರು.

“ತಾಯಿ, ಇದು ನಮಗೆ ಗೊತ್ತಿರಲಿಲ್ಲ. ಈಗ್ಲೇ ನೀರು ಚೆಲ್ಲಿ ಗಾಡಿಗೆ ಏರಿಸ್ತೀವಿ.”

ಅವಳು ನೇರವಾಗಿ ಬಚ್ಚಲಿಗೆ ಹೋದಳು. ಹಂಡೆಯ ಸುತ್ತ ಒಮ್ಮೆ ನಡೆದಳು. ಹುಣಸೆಹಣ್ಣಿನಲ್ಲಿ ಉಜ್ಜಿದ ಕಂಠ ಹೊಳೆಯುತ್ತಿತ್ತು. ಬೆಳಗಿನ ಬಿಸಿ ಇನ್ನೂ ಉಳಿದಿತ್ತೋ ಏನೋ, ಅದರ ಹೊಟ್ಟೆಯ ಮೇಲೆ ಅಂಗೈಯಿಟ್ಟು ಹಾಗೆಯೇ ನಿಂತಳು. ಹಗ್ಗದ ಮೇಲೆ ಒಂದೇ ಅಳತೆಯ ಪಂಚೆಗಳು ಸಾಲಾಗಿ ಒಣಗುತ್ತಿದ್ದವು, ಅವುಗಳನ್ನೂ ನೋಡಿದಳು. ಬಳಿಕ ಹೊರಗೆ ಬಂದಳು.

“ಅಯ್ಯನೋರೇ, ಈ ಹಂಡೇನ ಇವರು ನಿಮಗೆ ಕೊಟ್ಟಿಲ್ಲ. ಇವರದಲ್ಲ ಅಂದ್ಮೇಲೆ ಇವರು ಹೇಗೆ ಕೊಟ್ಟಾರು? ಇವತ್ತು ನಾನು ಕೊಡ್ತಿದೀನಿ, ತಗೊಳ್ಳಿ.”

ಅಯ್ಯನವರು ಗಟ್ಟಿಯಾಗಿ ನಕ್ಕರು. “ಹಾಗಾದ್ರೆ ಇಷ್ಟು ದಿನ ಕದ್ದ ಮಾಲಲ್ಲಿ ನೀರು ಕಾಯಿಸ್ತಿದ್ವು ಅನ್ನಿ! ಮೇಷ್ಟ್ರೇ, ನಮ್ಮನ್ನೂ ಸೇರಿಸ್ಕೊಂಡ್ರಲ್ರೀ ನಿಮ್ಮ ಕಳ್ಳತನಕ್ಕೆ!” ಎಂದು ಮಗುವಿನ ಹಣೆಗೆ ವಿಭೂತಿಯಿಟ್ಟರು. ಆಗ ಅವಳೂ ನಕ್ಕಳು. ಆ ನಗುವಿಗೆ ನಾನು ತೆತ್ತದ್ದು ಏನೂ ಇಲ್ಲ. ಅದು ನನಗೆ ಸುಮ್ಮನೆ ದೊರೆಯಿತು.

ಜಟಕಾ ಹತ್ತಿದ ಮೇಲೆ ಅವಳು ಗಾಡಿಯವನಿಗೆ, “ಸಂತೇಪೇಟೆ ಕಡೆಯಿಂದ ಹೋಗಪ್ಪ,” ಎಂದಳು. ಮನೆಗೆ ಎಂದು ಹೇಳಲಿಲ್ಲ. ಆದರೆ ಹಿನಕಲ್ಲಿಗೆ ಆ ದಾರಿಯಲ್ಲಿ ಹೋಗುವುದಿಲ್ಲವೆಂದು ನನಗೆ ಗೊತ್ತಿತ್ತು. ಮಡಕೆ ಮಾರುವವಳ ಮುಂದೆ ಗಾಡಿ ನಿಲ್ಲಿಸಿ, ಮಗುವನ್ನು ನನ್ನ ಕೈಗೆ ಕೊಟ್ಟು ಇಳಿದಳು. ನೀರು ಕಾಯಿಸುವ ದೊಡ್ಡ ಮಣ್ಣಿನ ಗುಡಾಣಗಳನ್ನು ಒಂದೊಂದಾಗಿ ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು ಆಲಿಸಿದಳು. ಮಾರುವವಳು ರೇಗಿದಳು: “ಒಡೆದ್ಬುಟ್ಟೀಯ ಕಣಮ್ಮ, ಅದೇನು ತಮಟೆಯಾ?”

ನಾಲ್ಕನೆಯದನ್ನು ತಟ್ಟಿ ಅವಳು ನನ್ನ ಕಡೆಗೆ ತಿರುಗಿದಳು.

“ಇದು ಚೆನ್ನಾಗಿದೆ. ತಗೊಳ್ಳೋಣ್ವಾ? ನೀವೇನಂತೀರಿ?”

ನನ್ನನ್ನು ಕೇಳುತ್ತಿದ್ದಳು. ಅದು ಅವಳ ಬಚ್ಚಲು, ಅವಳ ಒಲೆ, ಅವಳ ಮಗುವಿನ ಸ್ನಾನ; ನನ್ನನ್ನು ಕೇಳಬೇಕಾದ ಅಗತ್ಯ ಅವಳಿಗೆ ಎಳ್ಳಷ್ಟೂ ಇರಲಿಲ್ಲ.

“ತಗೊಳ್ಳೋಣ,” ಎಂದೆ.