ಹಿಂದಕ್ಕೆ ಓಡಿಸಲು ಕಲಿಸುವ ಅಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಗೋದಾಮುಗಳ ಹಿಂದಿನ ಖಾಲಿ ಅಂಗಳದಲ್ಲಿ ಉದ್ದನೆಯ ಟ್ರೈಲರ್ ಲಾರಿಯೊಂದು ಆಮೆ ನಡಿಗೆಯಲ್ಲಿ ಹಿಂದಕ್ಕೆ ಸರಿಯುತ್ತಿದೆ. ಅದರ ಹಿಂದೆ ಎರಡು ಎಣ್ಣೆ ಡ್ರಮ್ಮುಗಳು. ದೂರದಿಂದ ಕಾಣಲೆಂದು ಒಂದೊಂದರೊಳಗೂ ಒಂದೊಂದು ಪೊರಕೆಯನ್ನು ತಲೆಕೆಳಗಾಗಿ ನಿಲ್ಲಿಸಲಾಗಿದೆ. ಆ ಎರಡರ ನಡುವೆ ಲಾರಿಯ ಬಾಲ ನುಸುಳಬೇಕು. ಚಾಲಕನ ಕಣ್ಣಿಗೆ ಬೀಳುವಷ್ಟು ದೂರದಲ್ಲಿ ಗಿಡ್ಡನೆಯ ಮಹಿಳೆಯೊಬ್ಬರು ಲಾರಿಯ ಜೊತೆಗೇ ಹೆಜ್ಜೆ ಹಾಕುತ್ತಿದ್ದಾರೆ. ಕೂಗುವುದಿಲ್ಲ, ಕೈ ಬೀಸುವುದಿಲ್ಲ. ಸುಮ್ಮನೆ ನೋಡುತ್ತಾರೆ.

ಟ್ರೈಲರ್ ಸೊಟ್ಟಗೆ ತಿರುಗುತ್ತದೆ. ಲಾರಿ ನಿಲ್ಲುತ್ತದೆ. ಕಿಟಕಿಯಿಂದ ನರೆತ ತಲೆಯೊಂದು ಹೊರಗೆ ಬರುತ್ತದೆ.

"ಮತ್ತೆ ತಪ್ಪಾಯ್ತಲ್ಲ ಅಕ್ಕಾ."

"ತಪ್ಪಾಗ್ತಿದೆ ಅಂತ ಗೊತ್ತಾಗಿ ನೀವೇ ನಿಲ್ಲಿಸಿದ್ರಲ್ಲ, ಅಷ್ಟು ಸಾಕು. ಮುಂದಕ್ಕೆ ತಗೊಂಡು ಇನ್ನೊಂದ್ಸಲ ಬನ್ನಿ. ಯಾರೂ ಅಟ್ಟಿಸ್ಕೊಂಡು ಬರ್ತಿಲ್ಲ ನಿಮ್ಮನ್ನ."

ಕಿಟಕಿಯಲ್ಲಿರುವವರು ದರ್ಜಿ. ಸಿದ್ಧ ಉಡುಪಿನ ದೊಡ್ಡ ಅಂಗಡಿಗಳು ಬಂದ ಮೇಲೆ ಅವರ ಹೊಲಿಗೆ ಅಂಗಡಿ ಬಾಗಿಲು ಹಾಕಿತು. ವಯಸ್ಸಿನಲ್ಲಿ ಅಕ್ಕನಿಗಿಂತ ಹಿರಿಯರು. ಆದರೆ ಈ ಅಂಗಳಕ್ಕೆ ಕಾಲಿಟ್ಟವರಿಗೆಲ್ಲ ಆಕೆ ಅಕ್ಕನೇ. ಪೂರ್ತಿ ಹೆಸರು ರಿವರ್ಸ್ ಅಕ್ಕ. ಗಂಡ ಕೂಡ ಒಮ್ಮೊಮ್ಮೆ ಹಾಗೇ ಕರೆದು ಬೈಸಿಕೊಳ್ಳುತ್ತಾರಂತೆ.

ದರ್ಜಿಗೆ ಇವತ್ತು ಭಾರಿ ವಾಹನದ ಪರೀಕ್ಷೆ. ಎರಡು ಸಲ ಹಿಂದಕ್ಕೆ ತೆಗೆಯುವಲ್ಲೇ ಎಡವಿದ್ದಾರೆ. ಸಾಗಣೆ ಕಂಪನಿಯೊಂದು ಅವರಿಗಾಗಿ ಒಂದು ಕೆಲಸ ಉಳಿಸಿಕೊಂಡಿದೆ. ಈ ಸಲವೂ ಆಗದಿದ್ದರೆ ಆ ಸೀಟು ಬೇರೆಯವರ ಪಾಲಾಗುತ್ತದೆ. ರಾತ್ರಿ ರೆಪ್ಪೆಗೆ ರೆಪ್ಪೆ ಅಂಟಿಸಿಲ್ಲ ಎಂದು ಮುಖವೇ ಹೇಳುತ್ತಿದೆ.

"ಸೂಜಿಗೆ ದಾರ ಪೋಣಿಸೋದು ನನಗೆ ಹೊಸದಲ್ಲ ಸಾರ್," ಎಂದು, ಅಕ್ಕನ ಬಗ್ಗೆ ಬರೆಯಲು ಬಂದಿರುವ ನನ್ನತ್ತ ತಿರುಗಿ ನಗಲು ಯತ್ನಿಸುತ್ತಾರೆ. "ಇಲ್ಲಿ ದಾರದ ಬದಲು ಮನೇನೇ ಪೋಣಿಸು ಅಂತಾರೆ."

ಅಕ್ಕನ ಹೊಟ್ಟೆಪಾಡು ಬೇರೆ. ಅವರು ಸಾಗಣೆ ಕಂಪನಿಯೊಂದರ ಚಾಲಕಿ. ಬೆಳಿಗ್ಗೆ ಗೋದಾಮಿನ ಗೇಟು ತೆರೆದ ಮೇಲೆ ಸರಕು ತುಂಬಿಕೊಂಡು ಹೊರಟರೆ ಸಂಜೆ ಮನೆ. ಆ ಗೇಟು ತೆರೆಯುವ ಮುಂಚಿನ ಹೊತ್ತು ಮಾತ್ರ ಅವರದು. ಲಾರಿ ಕೆಲಸಕ್ಕೆ ಬರಬೇಕೆಂದುಕೊಂಡು ಎಲ್ಲಿ ಕಲಿಯಬೇಕೆಂದು ದಿಕ್ಕು ತೋಚದೆ ನಿಂತವರಿಗೆ ಸರಿಯಾದ ತರಬೇತಿ ಶಾಲೆ ಹುಡುಕಿಕೊಡುವುದು, ಶಾಲೆಯಲ್ಲಿ ಅರ್ಧಂಬರ್ಧ ಉಳಿದದ್ದನ್ನು ಈ ಅಂಗಳದಲ್ಲಿ ತಿದ್ದಿಕೊಡುವುದು ಅವರು ತಾವಾಗಿ ಮೈಮೇಲೆ ಹಾಕಿಕೊಂಡ ಕೆಲಸ. ಹಳೆಯ ಟ್ರೈಲರನ್ನೂ ಅಂಗಳವನ್ನೂ ಕಂಪನಿಯ ಯಜಮಾನರು ಸುಮ್ಮನೆ ಬಿಟ್ಟುಕೊಟ್ಟಿದ್ದಾರೆ. ಮೊದಮೊದಲು ಅವರಿಗೆ ಇಷ್ಟವಿರಲಿಲ್ಲ. ಅಕ್ಕನ ಕೈಯಲ್ಲಿ ಪಳಗಿದವರು ತಮ್ಮ ಲಾರಿಗಳಿಗೇ ಚಾಲಕರಾಗಿ ಬರತೊಡಗಿದ ಮೇಲೆ ಅಂಗಳಕ್ಕೆ ದೀಪವನ್ನೂ ಹಾಕಿಸಿದರು.

ಚಾಲಕಿಯಾಗುವ ಮುಂಚೆ ಅಕ್ಕ ಲಾರಿ ತೊಳೆಯುತ್ತಿದ್ದರು. ಗಂಡ ಮೂಟೆ ಹೊರುವ ಹಮಾಲರು. ಒಂದು ದಿನ ಮೂಟೆಯೊಂದಿಗೆ ಹಲಗೆಯ ಮೇಲಿಂದ ಜಾರಿ ಬಿದ್ದು ಬೆನ್ನು ಕೈಕೊಟ್ಟಿತು. ಮಗಳು ಆಗ ಇನ್ನೂ ಚಿಕ್ಕವಳು. ಲಾರಿ ನಿಲ್ದಾಣದ ತೊಳೆಯುವ ಕಟ್ಟೆಯಲ್ಲಿ ಅಕ್ಕ ಪೈಪು ಹಿಡಿದರು. ಕೆಸರು, ಗ್ರೀಸು, ಚಳಿಗಾಲದಲ್ಲಿ ಮರಗಟ್ಟುವ ಬೆರಳು.

"ತೊಳೆದೂ ತೊಳೆದೂ ಗಾಡಿ ಹೊಟ್ಟೆ ಕೆಳಗೆ ಏನೇನಿದೆ ಅಂತ ಗೊತ್ತಾಗೋಯ್ತು. ಮೇಲೆ ಕೂತ್ಕೊಳ್ಳೋದು ಹೇಗೆ ಅನ್ನೋದೊಂದು ಗೊತ್ತಿರ್ಲಿಲ್ಲ," ಎನ್ನುತ್ತಾರೆ.

ಕಲಿಯುವ ಮನಸ್ಸು ಮಾಡಿ ಹೊರಟಾಗ ಮೊದಲ ಶಾಲೆಯವರು ಹೆಂಗಸರಿಗೆ ಕಾರಿನ ತರಗತಿ ಇದೆಯಲ್ಲ ಎಂದರು. ಎರಡನೆಯವರು ಗಂಡನನ್ನು ಕರೆದುಕೊಂಡು ಬಾ ಎಂದರು. ಬೆನ್ನಿಗೆ ಪಟ್ಟಿ ಕಟ್ಟಿಕೊಂಡು ಗಂಡ ಬಂದರೆ, ಕಲಿಯುವವರು ಇವರಾ ಎಂದು ಅವರನ್ನೇ ಕೇಳಿದರು. ಮೂರನೆಯವರು ನಗುನಗುತ್ತಾ ಸೇರಿಸಿಕೊಂಡರು. ಕೋಣೆಯಲ್ಲಿ ಕೂರಿಸಿ ಗೋಡೆಯ ಮೇಲೆ ಚಿತ್ರ ತೋರಿಸಿದರು. ಶಾಲೆಯ ಹಿತ್ತಲಲ್ಲಿದ್ದ ಲಾರಿಗೆ ಬ್ಯಾಟರಿಯೇ ಇರಲಿಲ್ಲ. ಸ್ಟೇರಿಂಗ್ ಹಿಡಿದು ಕೂತು, ಇಳಿದು, ಮುಂದಿನವರಿಗೆ ಜಾಗ ಬಿಡುವುದೇ ಅಭ್ಯಾಸ. ಪರೀಕ್ಷೆಯ ದಿನ ಏನು ನಡೆಯಿತೋ, ಲಾರಿಯನ್ನು ಹತ್ತು ಮಾರು ಮುಂದಕ್ಕೆ ಓಡಿಸಿದ್ದಕ್ಕೇ ಲೈಸೆನ್ಸು ಕೈಗೆ ಬಂತು.

ಆ ಲೈಸೆನ್ಸಿನ ಬೆಲೆ ಏನೆಂಬುದು ಸ್ವಲ್ಪ ದಿನಕ್ಕೇ ತಿಳಿಯಿತು. ತೊಳೆಯುವ ಕಟ್ಟೆಗೆ ಅಡ್ಡಲಾಗಿ ಲಾರಿ ನಿಲ್ಲಿಸಿದ್ದ ಚಾಲಕನೊಬ್ಬ ಜ್ವರ ಬಂದು ಮಲಗಿಬಿಟ್ಟಿದ್ದ. ಹಿಂದೆ ಸಾಲುಗಟ್ಟಿದವರ ಹಾರನ್ನು. ಲೈಸೆನ್ಸು ಇದೆಯಲ್ಲ, ಸ್ವಲ್ಪ ಹಿಂದಕ್ಕೆ ತೆಗೆಯಮ್ಮ ಎಂದು ಯಾರೋ ಬೀಗದ ಕೈ ಕೊಟ್ಟರು. ಅಕ್ಕ ಹತ್ತಿದರು. ಲಾರಿ ಹಿಂದಕ್ಕೆ ಹೋಯಿತು, ಹೋಗಬೇಕಾದ ಕಡೆಗಲ್ಲ. ತಾವೇ ದಿನಾ ನೀರು ತುಂಬಿಸುತ್ತಿದ್ದ ಸಿಮೆಂಟಿನ ತೊಟ್ಟಿ ಪುಡಿಪುಡಿಯಾಯಿತು. ಆ ತೊಟ್ಟಿಯ ಆಚೆ ಬಟ್ಟೆ ಹಿಂಡುತ್ತಿದ್ದ ಜೊತೆಗಾತಿ ಒಂದು ಗಳಿಗೆ ಮುಂಚೆ ಅಷ್ಟೇ ಎದ್ದು ಹೋಗಿದ್ದಳು.

"ಜನ ನಕ್ಕರು. ತೊಟ್ಟಿ ನೋಡಿ ನಕ್ಕರು. ನಾನು ಅವಳು ಕೂತಿದ್ದ ಜಾಗ ನೋಡ್ತಿದ್ದೆ," ಎನ್ನುವಾಗ ಇವತ್ತಿಗೂ ಅಕ್ಕನ ದನಿ ತಗ್ಗುತ್ತದೆ.

ನಗದೆ ಇದ್ದವರು ಒಬ್ಬರೇ. ವಯಸ್ಸಾಗಿ ಸ್ಟೇರಿಂಗ್ ಬಿಟ್ಟ ಚಾಲಕರೊಬ್ಬರು ಹಳೆಯ ಗೆಳೆಯರನ್ನು ಕಾಣಲು ನಿಲ್ದಾಣಕ್ಕೆ ಬಂದಿದ್ದರು. ಎಲ್ಲರೂ ಅವರನ್ನು ದೊಡ್ಡಪ್ಪ ಎನ್ನುತ್ತಿದ್ದರು. ಅವರು ಪಂಚೆ ಮೇಲೆತ್ತಿ ಕಟ್ಟಿ, ಅಕ್ಕನ ಜೊತೆಗೆ ತೊಟ್ಟಿಯ ಚೂರುಗಳನ್ನು ಆಯತೊಡಗಿದರು. ಆಯ್ದು ಮುಗಿದ ಮೇಲೆ ಒಂದೇ ಮಾತು ಹೇಳಿದರಂತೆ.

"ನಾಚಿಕೊಳ್ಳಬೇಕಾದ್ದು ನೀನಲ್ಲ ಮಗಳೇ, ನಿನಗೆ ಕಲಿಸಿದೀನಿ ಅಂತ ಬರೆದುಕೊಟ್ಟೋರು."

ಮರುದಿನವೇ ಅಕ್ಕ ಅವರ ಮನೆ ಹುಡುಕಿಕೊಂಡು ಹೋದರು. ಬಾಗಿಲು ತೆರೆದ ಅವರ ಹೆಂಡತಿ ದೊಡ್ಡಮ್ಮ ವಿಷಯ ಕೇಳಿದವರೇ ಒಳಗೆ ಕೂಗಿ ಹೇಳಿದರಂತೆ: ಮನೇಲಿ ಕೂತು ನನಗೆ ಬೇಳೆ ಬೇಯಿಸೋದು ಕಲಿಸ್ತಿದೀರಲ್ಲ, ಹೋಗಿ ಬೇಕಾದೋರಿಗೆ ಬೇಕಾದ್ದು ಕಲಿಸಿ.

ದೊಡ್ಡಪ್ಪ ಬಹಳ ದಿನ ಎಂಜಿನ್ ಚಾಲೂ ಮಾಡಲು ಬಿಡಲೇ ಇಲ್ಲ. ನಿಂತ ಲಾರಿಯ ಸೀಟಿನಲ್ಲಿ ಅಕ್ಕನನ್ನು ಕೂರಿಸಿ ತಾವು ಹೊರಗೆ ಎಲ್ಲೋ ಮರೆಯಾಗುತ್ತಿದ್ದರು. ನಾನು ಎಲ್ಲಿದೀನಿ ಹೇಳು ಎಂದು ಕೂಗುತ್ತಿದ್ದರು. ಒಂದು ಕನ್ನಡಿಯಲ್ಲಿ ಇಲ್ಲ, ಇನ್ನೊಂದರಲ್ಲಿ ಇಲ್ಲ. ಇಳಿದು ನೋಡಿದರೆ ಮುಂದಿನ ಚಕ್ರದ ಪಕ್ಕದಲ್ಲೇ, ಕೈಗೆಟುಕುವಷ್ಟು ಹತ್ತಿರದಲ್ಲಿ ನಿಂತಿರುತ್ತಿದ್ದರು. ಇಷ್ಟು ದೊಡ್ಡ ಆಳು ಕಾಣದಿದ್ದರೆ ಮಗು ಕಾಣುತ್ತದೆಯೇ ಎಂಬುದು ಅವರ ಪ್ರಶ್ನೆ. ಕಾಣದ ಜಾಗದಲ್ಲಿ ಯಾರೋ ಇದ್ದೇ ಇದ್ದಾರೆ ಎಂದುಕೊಂಡೇ ಲಾರಿ ತೆಗೆಯಬೇಕು ಎಂಬುದು ಅವರ ಪಾಠ. ಟ್ರೈಲರನ್ನು ಹಿಂದಕ್ಕೆ ತೆಗೆಯುವಾಗ ಬಾಲ ಹೋಗಬೇಕಾದ ದಿಕ್ಕಿಗೆ ಎದುರಾಗಿ ಸ್ಟೇರಿಂಗ್ ತಿರುಗಿಸಬೇಕೆಂಬುದು ಆಮೇಲಿನ ಮಾತು. ಮಳೆಗಾಲ ಕಳೆದು ನೆಲ ಒಣಗುವ ಹೊತ್ತಿಗೆ ಅಕ್ಕನ ಕೈಗೆ ಅದೂ ಬಂತು.

ಕೆಲಸ ಕೇಳಿ ಹೋದಾಗ ಈಗಿನ ಕಂಪನಿಯ ಯಜಮಾನರು ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ಸರಕು ತುಂಬುವ ಕಟ್ಟೆಗೆ ಒಂದು ಟ್ರೈಲರನ್ನು ಹಿಂದಕ್ಕೆ ತಂದು ಹಚ್ಚಿ ತೋರಿಸಿ ಎಂದರು. ಅಕ್ಕ ಮೊದಲು ಲಾರಿಗೆ ಒಂದು ಸುತ್ತು ಬಂದರು, ಬಗ್ಗಿ ಕೆಳಗೆ ನೋಡಿದರು, ಆಮೇಲೆ ಹತ್ತಿದರು. ನಡುವೆ ಎರಡು ಸಲ ನಿಲ್ಲಿಸಿ, ಇಳಿದು, ಮತ್ತೆ ನೋಡಿಬಂದರು. ಬಹಳ ನಿಧಾನವಾಯಿತಲ್ಲ ಎಂದು ಯಾರೋ ಗೊಣಗಿದ್ದಕ್ಕೆ, ನಿಧಾನಕ್ಕೇ ಸಂಬಳ ಕೊಡ್ತೀನಿ ಎಂದು ಯಜಮಾನರು ಅವತ್ತೇ ಸೇರಿಸಿಕೊಂಡರು.

ತೊಳೆಯುವ ಕಟ್ಟೆಯ ಜೊತೆಗಾತಿಯೇ ಮೊದಲು ಬಂದು ನನಗೂ ಒಂದು ಶಾಲೆ ತೋರಿಸು ಎಂದಳು. ತಾವು ಮೋಸಹೋದ ಕಡೆಗೆ ಅಕ್ಕ ಅವಳನ್ನು ಕಳಿಸುವಂತಿರಲಿಲ್ಲ. ರಜೆಯ ದಿನ ಒಂದೊಂದೇ ಶಾಲೆಗೆ ಹೋದರು. ಆಫೀಸಿನೊಳಗೆ ಹೋಗದೆ ಗೇಟಿನ ಹೊರಗೆ ನಿಂತು, ಕಲಿತು ಹೊರಬರುವವರನ್ನು ಮಾತಾಡಿಸಿದರು. ಇವತ್ತು ನೀವೇ ಓಡಿಸಿದಿರಾ, ಪಕ್ಕದಲ್ಲಿ ಯಾರು ಕೂತಿದ್ದರು, ತಪ್ಪು ಮಾಡಿದಾಗ ಏನಂದರು ಎಂದು ಕೇಳಿದರು. ಒಳ್ಳೆಯ ಉತ್ತರ ಬಂದ ಶಾಲೆಗೆ ಆಮೇಲೆ ಒಳಗೆ ಹೋಗಿ, ಲಾರಿಯನ್ನು ಒಮ್ಮೆ ಚಾಲೂ ಮಾಡಿ ತೋರಿಸಿ ಎಂದರು. ಕೆಲವರು ರೇಗಿದರು. ಕೆಲವರು ಖುಷಿಯಿಂದ ಚಾಲೂ ಮಾಡಿದರು. ಹಾಗೆ ಚಾಲೂ ಮಾಡಿದವರ ಬಳಿಗೇ ಅಕ್ಕ ಇವತ್ತಿಗೂ ಜನರನ್ನು ಕಳಿಸುವುದು. ಶಾಲೆಯವರಿಂದಾಗಲಿ ಕಲಿಯುವವರಿಂದಾಗಲಿ ಏನನ್ನೂ ಪಡೆಯುವುದಿಲ್ಲ. ಬದಲಿಗೆ ಒಂದು ಕರಾರು: ಪಾಸಾದವರು ಭಾನುವಾರ ಬಿಡುವಾದಾಗ ಅಂಗಳಕ್ಕೆ ಬಂದು, ಹೊಸಬರಿಗೆ ಕಾಣದ ಜಾಗದಲ್ಲಿ ನಿಲ್ಲಬೇಕು.

ಹಾಗೆ ಬರುವವರಲ್ಲಿ ಮನೆಗೆಲಸ ಬಿಟ್ಟು ಬಂದ ತಾಯಿ ಇದ್ದಾರೆ, ಕಾರ್ಖಾನೆ ಮುಚ್ಚಿದ್ದರಿಂದ ಬಂದ ಅಣ್ಣತಮ್ಮಂದಿರಿದ್ದಾರೆ. ದೊಡ್ಡಪ್ಪನಿಗೆ ಅಲ್ಲೊಂದು ಬೆತ್ತದ ಕುರ್ಚಿ. ಮಂಡಿ ನೋವಿನಿಂದ ಈಗ ಹೆಚ್ಚು ನಿಲ್ಲಲಾರರು. ನಾನು ಮಾತಿಗೆಳೆದಾಗ ಕೈ ಆಡಿಸಿಬಿಡುತ್ತಾರೆ. "ನಾನು ಕಲಿಸಿದೆ ಅಂತಾಳೆ ಅವಳು. ನಾನು ಬಚ್ಚಿಟ್ಕೊಂಡು ನಿಂತಿದ್ದೆ ಅಷ್ಟೆ, ಹುಡುಕಿದ್ದು ಅವಳು."

ಹೊತ್ತೇರಿದ ಮೇಲೆ ಪರೀಕ್ಷೆಯ ಮೈದಾನಕ್ಕೆ ದರ್ಜಿಯ ಹಿಂದೆ ನಾನೂ ಹೋಗುತ್ತೇನೆ. ಅಕ್ಕ ಕೆಲಸದಲ್ಲಿ ಅರ್ಧ ದಿನ ರಜೆ ಕೇಳಿ ಬಂದು ಬೇಲಿಯಾಚೆ ನಿಂತಿದ್ದಾರೆ. ಮುಂದಕ್ಕೆ ಓಡಿಸುವುದು, ತಿರುವು, ಇಳಿಜಾರಿನಲ್ಲಿ ನಿಲ್ಲಿಸಿ ಹೊರಡುವುದು ಎಲ್ಲ ಸಲೀಸು. ಹಿಂದಕ್ಕೆ ತೆಗೆಯುವ ಸರದಿ ಬಂದಾಗ ದರ್ಜಿಯ ಲಾರಿ ಅರ್ಧಕ್ಕೇ ನಿಂತುಬಿಡುತ್ತದೆ. ಬಾಲ ಕಂಬದ ಕಡೆಗೆ ವಾಲಿದೆ. ಪಕ್ಕದಲ್ಲಿದ್ದ ಯಾರದೋ ಸಂಬಂಧಿಕರು ಅಯ್ಯೋ ಎನ್ನುತ್ತಾರೆ. ಅಕ್ಕ ಬೇಲಿಯ ತಂತಿಯನ್ನು ಬಿಗಿಯಾಗಿ ಹಿಡಿದಿದ್ದಾರೆ.

ದರ್ಜಿ ಇಳಿಯುತ್ತಾರೆ. ನಿಧಾನವಾಗಿ ಲಾರಿಯ ಹಿಂದಕ್ಕೆ ನಡೆದು ಹೋಗಿ ಕಂಬ ಎಷ್ಟು ದೂರವಿದೆ ನೋಡುತ್ತಾರೆ. ಮತ್ತೆ ಹತ್ತಿ, ಕೊಂಚ ಮುಂದಕ್ಕೆ ತೆಗೆದು, ನೆಟ್ಟಗೆ ಮಾಡಿಕೊಂಡು, ಹಿಂದಕ್ಕೆ ಬರುತ್ತಾರೆ. ಕಂಬಗಳೆರಡೂ ಹಾಗೇ ನಿಂತಿರುತ್ತವೆ. ಪರೀಕ್ಷಿಸುವ ಅಧಿಕಾರಿ ಕೆಳಗಿಳಿದು ಅವರ ಕೈ ಕುಲುಕುತ್ತಾರೆ. ಇಳಿದು ನೋಡಿದ್ದು ಒಳ್ಳೆಯದಾಯಿತು ಎಂದರಂತೆ.

ದರ್ಜಿ ಹೊರಗೆ ಬರುತ್ತಾರೆ. ಅಕ್ಕನ ಮುಂದೆ ನಿಂತು ಕೈಮುಗಿಯುತ್ತಾರೆ. ಅಕ್ಕ ಆ ಕೈಗಳನ್ನು ಹಿಡಿದು ಕೆಳಗಿಳಿಸಿ, ಮೊದಲು ಮನೆಗೆ ಫೋನ್ ಮಾಡಿ, ಕಾಯ್ತಾ ಇರ್ತಾರೆ ಎನ್ನುತ್ತಾರೆ. ದರ್ಜಿ ಫೋನ್ ಕಿವಿಗಿಟ್ಟು "ಆಯ್ತು ಕಣೇ" ಎಂದಷ್ಟೇ ಹೇಳಿ ಬೆನ್ನು ತಿರುಗಿಸಿ ನಿಂತು ಅಳುತ್ತಾರೆ. ಅಕ್ಕ ಆಕಾಶ ನೋಡುವವರಂತೆ ಮುಖ ಆಚೆ ಮಾಡುತ್ತಾರೆ.

ಮಧ್ಯಾಹ್ನ ಅಕ್ಕನ ಲಾರಿಯಲ್ಲಿ ನಾನೂ ಗೋದಾಮಿನಿಂದ ಗೋದಾಮಿಗೆ ಹೋಗುತ್ತೇನೆ. ಕಟ್ಟೆಯಲ್ಲಿ ಹಮಾಲರು ಸರಕು ತುಂಬುವವರೆಗೆ ಕಾಯಬೇಕು. ಕ್ಯಾಬಿನ್ನಿನ ಕನ್ನಡಿಯಲ್ಲಿ ಅವರ ಬಾಗಿದ ಬೆನ್ನುಗಳು ಹೋಗಿಬರುತ್ತವೆ. ಇಷ್ಟೆಲ್ಲ ಜನಕ್ಕೆ ದಾರಿ ತೋರಿಸಿದ್ದೀರಿ, ನಿಮಗಾಗಿ ಏನಾದರೂ ಆಸೆಯಿದೆಯೇ ಎಂದು ಕೇಳುತ್ತೇನೆ. ಅಕ್ಕ ಸ್ಟೇರಿಂಗ್ ಮೇಲಿನ ಧೂಳನ್ನು ಅಂಗೈಯಲ್ಲಿ ಒರೆಸುತ್ತಾರೆ.

"ನಮ್ಮನೆಯವರು ಎಷ್ಟು ಲಾರಿ ತುಂಬಿಸಿದ್ರೋ, ಒಂದರಲ್ಲೂ ಕೂತು ಹೋದೋರಲ್ಲ. ಇದೆಲ್ಲ ಎಲ್ಲಿಗೆ ಹೋಗತ್ತೆ ಅಂತ ಈಗ್ಲೂ ಕೇಳ್ತಾರೆ. ದೂರದ ಊರಿನ ಲೋಡು ಒಂದು ಕೊಡಿ ಅಂತ ಯಜಮಾನ್ರನ್ನ ಕೇಳಿದೀನಿ. ಹೊಸ ಗಾಡಿ ಸೀಟು ಮೆತ್ತಗಿದೆ, ಬೆನ್ನು ತಡಕೊಳ್ಳತ್ತೆ. ಪಕ್ಕದಲ್ಲಿ ಕೂರಿಸ್ಕೊಂಡು ಕರ್ಕೊಂಡು ಹೋಗಿ, ನೋಡಿ, ಇಲ್ಲಿಗೆ ಬರ್ತಿತ್ತು ನೀವು ಹೊತ್ತಿದ್ದು ಅಂತ ತೋರಿಸ್ಬೇಕು."