ಮೈಲುತುತ್ತಿನ ಎರಡು ಹನಿ

ಶಾಲೆಯಲ್ಲಿ ಆಕೆಯನ್ನು ಎಲ್ಲರೂ ಲ್ಯಾಬ್ ಅಕ್ಕ ಎಂದೇ ಕರೆಯುತ್ತಿದ್ದರು. ಆಮ್ಲಕ್ಕೆ ನೀರು ಸುರಿಯಬಾರದು, ನೀರಿಗೆ ಆಮ್ಲ ಸುರಿಯಬೇಕು ಎಂದು ಹೊಸ ಮೇಷ್ಟರುಗಳನ್ನೂ ಗದರಿಸಿದ ಹೆಂಗಸು. ಹತ್ತೊಂಬತ್ತು ವರ್ಷವಾದರೂ ಕೆಲಸ ಮಾತ್ರ ಕಾಯಂ ಆಗಿರಲಿಲ್ಲ. ಅಂದು ತಪಾಸಣೆಗೆ ಬರುವ ಅಧಿಕಾರಿಣಿ ಒಂದು ಒಳ್ಳೆಯ ಮಾತು ಬರೆದರೆ ಆಗುವುದಿತ್ತು.

ರಸಾಯನಶಾಸ್ತ್ರದ ಮೇಷ್ಟರು ಆಕೆಗೆ ಒಡಹುಟ್ಟಿದವರಂತಿದ್ದರು. ಶುದ್ಧ ಸತು ಆಮ್ಲಕ್ಕೆ ಬಿದ್ದರೂ ಸೋಮಾರಿಯಂತೆ ಕೂತಿರುತ್ತದೆ, ಎರಡು ಹನಿ ಮೈಲುತುತ್ತಿನ, ಅಂದರೆ ತಾಮ್ರದ ಸಲ್ಫೇಟಿನ, ದ್ರಾವಣ ಬಿಟ್ಟರೆ ಚುರುಕಾಗುತ್ತದೆ ಎಂದು ಹೇಳಿಕೊಟ್ಟವರು ಅವರೇ.

"ಮಕ್ಕಳಿಗೆ ಹೇಳೋದು ಬೇಡ ಅಕ್ಕಾ. ನನ್ನ ಕೈಗುಣ ಅಂದ್ಕೊಳ್ಳಲಿ ಬಿಡಿ," ಎಂದು ನಕ್ಕಿದ್ದರು. ಅಂದಿನಿಂದ ಆಕೆ ಸತುವಿಗೆಂದಿಟ್ಟ ಆಮ್ಲಕ್ಕೆ ಸದ್ದಿಲ್ಲದೆ ಎರಡು ಹನಿ ಬಿಟ್ಟಿಡುತ್ತಿದ್ದಳು.

ಅಧಿಕಾರಿಣಿಯ ಎದುರು ಮೇಷ್ಟರು ಆಮ್ಲದ ನಳಿಕೆಗೆ ಹಾಕಿದ ಮೆಗ್ನೀಸಿಯಂ ಪಟ್ಟಿ ಬುಸುಗುಟ್ಟುತ್ತ ಕರಗಿತು. ಸತುವೂ ಭರ್ರನೆ ಗುಳ್ಳೆ ಬಿಟ್ಟಿತು. ತಾಮ್ರದ ಚೂರು ಮಾತ್ರ ತನಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ ತನ್ನ ನಳಿಕೆಯ ತಳದಲ್ಲಿ ಬಿದ್ದಿತ್ತು. ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದಳು.

"ಸಾರ್, ಸತು ಯಾಕೆ ಕಪ್ಪಾಗ್ತಿದೆ? ಪುಸ್ತಕದಲ್ಲಿ ಹಾಗಿಲ್ಲ."

ಮೇಷ್ಟರ ಮುಖ ಬಿಳಿಚಿಕೊಂಡಿತು. ಅಧಿಕಾರಿಣಿಯತ್ತ ತಿರುಗಿ, "ನಂಗೊತ್ತಿಲ್ಲ ಮೇಡಂ. ಲ್ಯಾಬಿನವರು ಏನೋ ಕಲಬೆರಕೆ ಮಾಡಿರ್ಬೇಕು. ಓದಿಲ್ಲದವರು, ಎಷ್ಟು ಹೇಳಿದ್ರೂ ಅಷ್ಟೇ," ಎಂದರು.

ಪಕ್ಕದಲ್ಲೇ ನಿಂತಿದ್ದ ಆಕೆ ಅದನ್ನು ಕೇಳಿಸಿಕೊಂಡಳು. ಲ್ಯಾಬಿನವರು! ಬೆಳಿಗ್ಗೆ ತಾನೇ "ಅಕ್ಕಾ, ಇವತ್ತೇನು ತಂದಿದೀರಿ?" ಎಂದು ಕೇಳಿ ಆಕೆಯ ಡಬ್ಬಿಯಲ್ಲೇ ತಿಂದ ಬಾಯಿ ಅದು.

"ಏನು ಹಾಕಿದ್ರಮ್ಮಾ?" ಅಧಿಕಾರಿಣಿ ಕೇಳಿದರು.

"ಮೈಲುತುತ್ತು. ಎರಡೇ ಹನಿ. ಅದರ ತಾಮ್ರ ಸತುವಿನ ಮೈಗೆ ಹತ್ತಿಕೊಳ್ಳುತ್ತೆ, ಅದಕ್ಕೇ ಕಪ್ಪು. ಆಮೇಲೆ ಸತು ಬೇಗ ಕರಗುತ್ತೆ. ಮೋಸ ಏನಿಲ್ಲ ಮೇಡಂ."

ಅಧಿಕಾರಿಣಿ ನಕ್ಕರು. "ಮೋಸ ಯಾಕಾಗುತ್ತೆ? ತಿಳಿದವರು ಮಾಡೋದೇ ಹೀಗೆ. ಯಾರು ಹೇಳ್ಕೊಟ್ರು ನಿಮಗೆ?"

ಮೇಷ್ಟರು ಚಟ್ಟನೆ ತಲೆ ಎತ್ತಿದರು. ಅಂಗಿಯ ಕಾಲರು ಸರಿಮಾಡಿಕೊಂಡರು. "ಹೇಳಿ ಅಕ್ಕಾ, ಹೇಳಿ," ಎಂದರು.

ಆಕೆ ಅವರತ್ತ ನೋಡಲಿಲ್ಲ.

"ಯಾರೂ ಇಲ್ಲ ಮೇಡಂ. ಮಾಡ್ತಾ ಮಾಡ್ತಾ ನಾನೇ ಕಲಿತಿದ್ದು."

ಸುಳ್ಳಾಡುವುದು ಆಕೆಗೆ ಬಾರದ ವಿದ್ಯೆ. ಇದೊಂದು ತಡವರಿಸದೆ ಬಂತು. ಅಧಿಕಾರಿಣಿ ಹಾಗೆಯೇ ಬರೆದುಕೊಂಡರು.

ತಿಂಗಳೊಳಗೆ ಕೆಲಸ ಕಾಯಂ ಆಯಿತು. ಮೇಷ್ಟರು ಈಗಲೂ ಅಕ್ಕಾ ಎಂದೇ ಕೂಗುತ್ತಾರೆ. ಆಕೆ ಬಂದು ನಿಂತು, ಏನು ಕೆಲಸ ಎಂದು ಕೇಳುತ್ತಾಳೆ. ಅಷ್ಟೇ.